ಬಿಷಪ್ಪನ ಊರಿನ ಪ್ರವಚನ

ಆಲ್ಪ್ಸ್ ಬೆಟ್ಟಗಳ ನಡುವಿನ ಆ ಕೆಥೆಡ್ರಲ್ ಊರಿನ ಬಗ್ಗೆ ನನ್ನ ಗಂಡ ಲಿಟಲ್ ಎಲ್ಮ್ ಎಂಬ ಊರಿನ ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ನಾಲ್ಕು ಸಲ ಪ್ರವಚನ ಮಾಡಿದ್ದಾರೆ. ಊಟಕ್ಕೆ ಕರೆದವರಿಗೆ ಬಿಸಿಬೇಳೆಬಾತ್ ಬಡಿಸುವ ಮುಂಚೆ ಇದನ್ನು ಬಡಿಸುತ್ತಾರೆ. ಅಲ್ಲಿ ಬಿಷಪ್ಪನೇ ರಾಜನಾಗಿದ್ದನಂತೆ, ಉಪ್ಪಿನ ಸುಂಕದಿಂದ ಊರು ಕೊಬ್ಬಿತಂತೆ, ಬೆಂಕಿಗೆ ಸುಟ್ಟುಹೋದ ಕೆಥೆಡ್ರಲನ್ನು ಇಟಲಿಯ ಮೇಸ್ತ್ರಿಗಳನ್ನು ಕರೆಸಿ ಮತ್ತೆ ಕಟ್ಟಿಸಿದರಂತೆ. ಎಲ್ಲ ಫೋನಿನಲ್ಲಿ ಓದಿದ್ದು. ಹೋದ ಬೇಸಿಗೆಯಲ್ಲಿ ನಾವು ಆ ಊರಿನಲ್ಲಿದ್ದದ್ದು ಒಂದೇ ಹಗಲು. ಆ ಹಗಲೆಲ್ಲ ಇವರು ಹೋಟೆಲ್ ಕೋಣೆಯಲ್ಲಿ ಕಾಲು ಚಾಚಿಕೊಂಡು ಕ್ರಿಕೆಟ್ ನೋಡಿದರು.

ಊರು ನೋಡಿದವಳು ನಾನು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ರಿಟೈರ್ ಆದಮೇಲೆ, ಯಾರಿಗೂ ಕಾಯದೆ, ಯಾರನ್ನೂ ಕಾಯಿಸದೆ, ಒಬ್ಬಳೇ ಸುತ್ತಿದ ಮೊದಲ ದಿನ ಅದು. ನೋಯುವ ಮಂಡಿ ಹಿಡಿದುಕೊಂಡು ಕೋಟೆಯವರೆಗೂ ಹತ್ತಿದೆ. ಚೌಕದ ಕಾರಂಜಿಯ ಕಟ್ಟೆಯ ಮೇಲೆ ಕೂತು ಒಣಗಿದ ಚಪಾತಿ ತಿಂದೆ. ಕಂಡಕಂಡದ್ದರ ಫೋಟೋ ತೆಗೆದೆ. ಆ ದಿನ ನನ್ನದು, ಅದನ್ನು ಯಾರೂ ಮುಟ್ಟಬಾರದು ಅನಿಸಿತ್ತು. ಮನೆಗೆ ಮರಳಿದ ಮೇಲೆ, ನನ್ನ ಫೋನ್ ತುಂಬಿಹೋಗಿದೆಯೆಂದು ಫೋಟೋಗಳನ್ನೆಲ್ಲ ಅದರಿಂದ ತೆಗೆದು ಕಂಪ್ಯೂಟರಿಗೆ ಹಾಕಿಡುವ ಕೆಲಸ ಇವರೇ ವಹಿಸಿಕೊಂಡರು.

ಕಳೆದ ಶನಿವಾರ ರೌಂಡ್ ರಾಕ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದ ದಂಪತಿಗೆ ಮತ್ತೆ ಅದೇ ಪ್ರವಚನ. ಇಂಟರ್ನೆಟ್ಟಿನಿಂದ ಇಳಿಸಿ ಟೀವಿಗೆ ಹಾಕಿದ ಚಿತ್ರಗಳಲ್ಲಿ ಕೆಥೆಡ್ರಲಿನ ಅವಳಿ ಗೋಪುರಗಳು ಆಗತಾನೇ ಸ್ನಾನ ಮಾಡಿಬಂದಂತೆ ಹೊಳೆಯುತ್ತಿದ್ದವು. ಎಂಜಿನಿಯರ್ ಅತಿಥಿ ತಲೆಯಾಡಿಸಿದ್ದೇ ಆಡಿಸಿದ್ದು. ಅವನಿಗೆ ಬೇಕಿದ್ದದ್ದು ಅಲ್ಲಿ ಪಾರ್ಕಿಂಗ್ ಸಿಗುತ್ತದೆಯೇ ಎಂಬುದೊಂದೇ. ಅವನ ಹೆಂಡತಿ ಮಾತ್ರ ನನ್ನತ್ತ ತಿರುಗಿ, ಆಂಟಿ, ನೀವು ಹೋಗಿರಲಿಲ್ಲವೇ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಇವರು, ಪಾಪ ಅವಳಿಗೆ ಮಂಡಿನೋವು, ಹೋಟೆಲಿನಲ್ಲೇ ಇದ್ದಳು ಎಂದರು. ನಾಚಿಕೆಯಿಲ್ಲದ ಮನುಷ್ಯ. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ, ಆ ಎರಡೂ ಗೋಪುರಕ್ಕೆ ರಿಪೇರಿ ಅಂತ ಹಸಿರು ಬಲೆ ಸುತ್ತಿದ್ರು. ಒಂದು ಕಲ್ಲೂ ಕಾಣ್ತಿರ್ಲಿಲ್ಲ. ನೀವು ರೂಮಿಂದ ಹೊರಗೆ ಕಾಲಿಟ್ಟಿದ್ರೆ ತಾನೇ ಗೊತ್ತಾಗೋದು? ನಾನು ತೆಗೆದ ಫೋಟೋ ಹಾಕಿ, ಅವರೇ ನೋಡ್ಲಿ," ಅಂದೆ.

ಅತಿಥಿಗಳಿಬ್ಬರೂ ನೆಲ ನೋಡತೊಡಗಿದರು. ಇವರಿಗೆ ಮಾತ್ರ ಎಳ್ಳಷ್ಟೂ ಮುಜುಗರವಾಗಲಿಲ್ಲ. ರಿಮೋಟಿನ ಗುಂಡಿ ಒತ್ತುತ್ತಲೇ ಉತ್ತರ ಕೊಟ್ಟರು.

"ಬರೀ ಬಲೇನೇ ಇತ್ತಲ್ಲೇ ಅದ್ರಲ್ಲಿ. ಯಾರಿಗೆ ತೋರ್ಸೋದು ಅಂತ ಆಗ್ಲೇ ಎಲ್ಲಾ ಡಿಲೀಟ್ ಮಾಡ್ದೆ."