ತಿಕ್ಕಿಹೋದ ಪದರ

ಉರಿಯಿಲ್ಲದೆ ಅನಿಲದಿಂದಲೇ ವಿದ್ಯುತ್ತು ಕೊಡುವ ಪಿಂಗಾಣಿ ಬಿಲ್ಲೆಗಳಿಗೆ ಘನ ಆಕ್ಸೈಡ್ ಇಂಧನ ಕೋಶಗಳೆಂದು ಹೆಸರು. ಈ ಕ್ಷೇತ್ರದ ದೊಡ್ಡವರೆಲ್ಲ ಶುದ್ಧ ಜಲಜನಕವನ್ನು ನೆಚ್ಚಿಕೊಂಡಿದ್ದಾಗ, ಕುಂದಗೋಳದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕರಾದ ಶ್ರೀ ಮಡಿವಾಳೆಪ್ಪ ಹಂಚಿನಾಳರು ವಸತಿಗೃಹದ ಹಿತ್ತಲಿನ ಗೋಬರ್ ಗ್ಯಾಸನ್ನು ನೆಚ್ಚಿಕೊಂಡಿದ್ದರು. ಈ ವರ್ಷ, ೧೯೮೯ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ; ಗ್ಯಾಸು ಸೇವೆಯಲ್ಲಿ ಮುಂದುವರಿದಿದೆ.

ಅವರ ಕೈಕೆಳಗೆ ಹದಿನಾಲ್ಕು ವರ್ಷ ಪ್ರಯೋಗಾಲಯದ ಸಹಾಯಕನಾಗಿದ್ದ ನಾನು ಬಲ್ಲ ಕಷ್ಟವಿದು: ಆ ಗ್ಯಾಸು ಬಿಲ್ಲೆಯ ಮೈಗಂಟಿದ ಕಾದ ನಿಕ್ಕಲ್ಲಿಗೆ ತಾಕಿದೊಡನೆ ಕಾಡಿಗೆ ಕಟ್ಟಿ ಬಿಲ್ಲೆ ಉಸಿರುಗಟ್ಟುತ್ತಿತ್ತು. ಪಡಸಾಲೆಯಲ್ಲೇ ಬಂದವರನ್ನು ವಿಚಾರಿಸಿ, ಹದಗೊಳಿಸಿ ಒಳಗೆ ಬಿಡುವ ಹಿರಿಯರಂತೆ ನಿಕ್ಕಲ್ಲಿನ ಮೇಲೊಂದು ವೇಗವರ್ಧಕ ಪದರವಿರಬೇಕೆಂದು ಗುರುಗಳು ಐದು ವರ್ಷ ಕುಂಚ ಹಿಡಿದು ಬಳಿದರು. ೧೯೮೬ರಲ್ಲಿ ಒಂದು ಬಿಲ್ಲೆ ಒಪ್ಪವಾಗಿ ಬಂತು. ಸೊಟ್ಟಪಟ್ಟ ಬಳಿದ ಇನ್ನೊಂದನ್ನು ನಾಚಿಕೆಯಿಂದ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಧಾರವಾಡದಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಅದು ಮೆಚ್ಚದಿದ್ದರೆ ಪ್ರಯೋಗದ ಕೋಣೆಯನ್ನು ಟೇಬಲ್ ಟೆನಿಸ್ಸಿಗೆ ಕೊಡಲು ಪ್ರಾಚಾರ್ಯರು ಕಾದಿದ್ದರು. ಮೇಜು ಆಗಲೇ ಬಂದು ವರಾಂಡದಲ್ಲಿ ನಿಂತಿತ್ತು.

ಸಮಿತಿ ಬರುವ ದಿನ ಮುಂಜಾನೆ ಗುರುಗಳು ಬಂದಾಗ ಕಸಗುಡಿಸುವ ಬಸಕ್ಕ ಬಾಗಿಲಲ್ಲೇ ಹಿಗ್ಗುತ್ತಿದ್ದಳು.

“ಧಾರವಾಡದ ಮಂದಿ ಬರತಾರಂದ್ರ ಕರ್ರಗಿನ ಸಾಮಾನಾ ಇಡಾಕ ಬರತೈತೇನ್ರಿ? ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇನಿ. ಬೆಳ್ಳಿ ಆಗೇತಿ ನೋಡ್ರಿ!”

ಅವಳ ಅಂಗೈಯಲ್ಲಿ ಒಪ್ಪವಾದ ಬಿಲ್ಲೆಯ ಬರಿಯ ನಿಕ್ಕಲ್ಲು ಹೊಳೆಯುತ್ತಿತ್ತು. ಪದರ ಬಚ್ಚಲಿನಲ್ಲಿ ಹರಿದುಹೋಗಿತ್ತು.

ಗುರುಗಳು ಕುರ್ಚಿಯಲ್ಲಿ ಕುಳಿತರು. ಬಿಲ್ಲೆಯನ್ನು ತಿರುಗಿಸಿ ನೋಡಿ, “ಅಗದಿ ಲಖಲಖ ಆಗೇತಿ ಬಿಡವಾ,” ಎಂದರು. ಇಂಥ ಮಾತನ್ನು ಇಂಥ ಗಳಿಗೆಯಲ್ಲಿ ಆಡಬಲ್ಲವರನ್ನು ನಾನು ಮತ್ತೆ ಕಂಡಿಲ್ಲ.

ಬೇರೆ ದಾರಿಯಿಲ್ಲದೆ, ಕಪಾಟಿನ ಸೊಟ್ಟ ಬಿಲ್ಲೆಯನ್ನೂ ಹೊರತೆಗೆದು, ಸಮಿತಿಯ ಮುಂದೆ ಎರಡನ್ನೂ ಕುಲುಮೆಗೆ ಏರಿಸಿ ಗ್ಯಾಸು ಬಿಟ್ಟೆವು. ಹೊಳೆಯುವ ಬಿಲ್ಲೆಯ ವಿದ್ಯುತ್ ಮಾಪಕದ ಮುಳ್ಳು ಇಪ್ಪತ್ತೇ ನಿಮಿಷದಲ್ಲಿ ಕೆಳಗಿಳಿಯಿತು. ಪ್ರಾಚಾರ್ಯರ ಕಣ್ಣು ವರಾಂಡದತ್ತ ಹೊರಳಿತು. ಸೊಟ್ಟ ಬಿಲ್ಲೆಯ ಮುಳ್ಳು ಮಾತ್ರ, ಸಮಿತಿಯವರು ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬಂದರೂ ನಿಂತಲ್ಲೇ ನಿಂತಿತ್ತು.

“ಶಾಬಾಸ್ ಹಂಚಿನಾಳ! ಪದರ ಇಲ್ಲದ್ದನ್ನೂ ಬಾಜೂಕ ಇಟ್ಟು ತೋರಸಬೇಕಂತ ಹೊಳೀತಲ್ಲ, ಇದು ನೋಡ್ರಿ ವಿಜ್ಞಾನ,” ಎಂದರು ಸಮಿತಿಯ ಅಧ್ಯಕ್ಷರು.

ಸುಮ್ಮನಿರಿ ಎಂಬಂತೆ ನಾನು ಗುರುಗಳ ಕಾಲು ತುಳಿದೆ.

“ನನಗ ಹೊಳೀಲಿಲ್ರಿ,” ಎಂದರು ಅವರು. “ಬಸಕ್ಕ ತಿಕ್ಕಿದಳು.”

ಅಧ್ಯಕ್ಷರು ನಕ್ಕ ನಗೆಗೆ ಗಾಜಿನ ನಳಿಕೆಗಳು ಕಿಣಿಗುಟ್ಟಿದವು. “ಹಂಗಾದ್ರ ಕೋಣಿ ಇಬ್ಬರಿಗೂ ಇರಲಿ,” ಎಂದು ಅಲ್ಲೇ ಸಹಿ ಹಾಕಿದರು.

ಅಂದಿನಿಂದ ಪ್ರತಿ ಪ್ರಯೋಗಕ್ಕೂ ಗುರುಗಳು ಎರಡೆರಡು ಬಿಲ್ಲೆಗಳಿಗೆ ಪದರ ಬಳಿದು, ಒಂದನ್ನು ತಿಕ್ಕಲು ವಿಧಿವತ್ತಾಗಿ ಬಸಕ್ಕನ ಕೈಗೆ ಕೊಡುತ್ತ ಬಂದಿದ್ದಾರೆ. ಪದರ ಬಳಿಯದೆ ಬರಿಯ ನಿಕ್ಕಲ್ಲನ್ನೇ ಇಟ್ಟರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, “ಆಕಿ ಕೆಲಸಾ ಕಸಗೋಬಾರದಪಾ,” ಎಂದರು.

ನಿವೃತ್ತಿಯ ನಂತರ ಕುಬಿಹಾಳದ ಸ್ವಂತ ಮನೆಯಲ್ಲಿ ಕುಲುಮೆ ಹೂಡುವುದಾಗಿ ಅವರು ಘೋಷಿಸಿದ್ದಾರೆ. ಧರ್ಮಪತ್ನಿ ರೇವವ್ವನವರು ಒಪ್ಪಿದ ಸುದ್ದಿ ಇನ್ನೂ ತಲುಪಿಲ್ಲ. ಗುರುಗಳು ನೂರು ತುಂಬಿ ಬಾಳಲಿ, ಕೈ ನಡುಗದಿರುವಷ್ಟು ಕಾಲ ಪದರ ಬಳಿಯುತ್ತಿರಲಿ, ರೇವವ್ವನವರ ತಾಳ್ಮೆಯೂ ಅಷ್ಟೇ ದೀರ್ಘವಾಗಿರಲಿ ಎಂದು ಹಾರೈಸುತ್ತೇನೆ.