ಚಾಪೆ ಹಾಸಬಹುದಾದ ಅಡುಗೆಮನೆ

ನಿಮ್ಮ ಹತ್ತಿರ ಮುಚ್ಚಿಡುವುದೇನು, ಯಾರ ಮನೆಗೆ ಹೋದರೂ ನಾನು ಮೊದಲು ಅಡುಗೆಮನೆಯ ಗಾಳಿ ಮೂಸುತ್ತೇನೆ. ಒಂಚೂರು ಸೀದ ವಾಸನೆಯೋ ಮುಗ್ಗಲು ವಾಸನೆಯೋ ಸಿಕ್ಕರೆ ಸಾಕು, ಅವತ್ತು ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ.

ಈ ಚಾಳಿ ಅಂಟಿದ್ದು ನನ್ನ ವಾರಗಿತ್ತಿ ಶಾರದೆಯಿಂದ. ನಾವು ಮಗ್ಗೆಯಲ್ಲಿ, ಅವಳು ಕೆ. ಹೊಸಕೋಟೆಯಲ್ಲಿ. ತೊಂಬತ್ತರ ದಶಕದ ಕೊನೆಗೆ ಮೈದುನ ಹೊಸ ಮನೆ ಕಟ್ಟಿಸಿ, ಅಡುಗೆಮನೆಗೆ ಬಿಳಿ ಟೈಲ್ಸ್ ಹಾಕಿಸಿ, ಗೋಡೆಗೆ ಹೊಗೆ ಎಳೆಯುವ ಫ್ಯಾನ್ ಕೂರಿಸಿದ. ಅಲ್ಲಿ ವಾರ ಇದ್ದು ಬಂದ ಅತ್ತೆ, ನಮ್ಮ ಹೊಸಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಶಾರದನ್ ಅಡ್ಗೆಮನೇಲಿ ಚಾಪೆ ಹಾಸ್ಕಂಡು ಮಲಗ್ಬೋದು ಕಣವ್ವ. ನಿಂದೋ, ಒಣಮೀನಿನ ಸಂತೆ" ಅಂದುಬಿಟ್ಟರು. ಒಣಮೀನಿನ ಸಾರನ್ನು ಮೂರು ಸಲ ಬಡಿಸಿಕೊಳ್ಳುವವರೂ ಅವರೇ! ಮೈಯೆಲ್ಲ ಉರಿದುಹೋಯಿತು. ಆ ಚಾಪೆಯ ಮಾತು ನನ್ನ ಅಡುಗೆಮನೆಗೂ ಬರಬೇಕು, ಅದೂ ಅತ್ತೆಯ ಬಾಯಿಂದಲೇ, ಎಂದು ಹಟ ತೊಟ್ಟೆ.

ನಿಂಬೆಸಿಪ್ಪೆ ಕುದಿಸಿದೆ. ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕಿದೆ. ಸಾಂಬ್ರಾಣಿ ಹಾಕಿದೆ, ಮೀನಿಗೆ ಪೂಜೆ ಮಾಡಿದ ಹಾಗಾಯಿತು. ಆಲೂರಿನ ಬಸ್ಸಿನಲ್ಲಿ ಯಾರೋ, ಕಾಫಿಪುಡಿ ಕೆಟ್ಟ ವಾಸನೆ ಹೀರುತ್ತದೆ ಅಂದರು. ಹೇಗೆ ಎಂದು ಕೇಳುವಷ್ಟರಲ್ಲಿ ನಮ್ಮೂರು ಬಂತು, ಇಳಿದುಬಿಟ್ಟೆ. ಬಟ್ಟಲಲ್ಲಿ ಹಾಕಿ ಮೂಲೆಗೆ ಇಡಬೇಕಂತೆ, ಆಮೇಲೆ ತಿಳಿಯಿತು. ನಾನು ಸಾಂಬ್ರಾಣಿಯ ಹಾಗೆ ಕೆಂಡಕ್ಕೆ ಸುರಿದೆ. ತೋಟದಿಂದ ಓಡಿಬಂದ ಯಜಮಾನರು, "ಏನೇ ಇದು, ಕಾಫಿ ಸ್ಟೋರ್‌ಗೆ ಬೆಂಕಿ ಬಿತ್ತೇನೋ ಅಂದ್ಕಂಡೆ!" ಎಂದರು.

ಹಿಂದಿನ ಜನ್ಮದ ವಾಸನೆ ಬಿಡುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನಿನ್ನೆಯ ಮೀನಿನದೇ ಬಿಡದಿರುವಾಗ ಅದು ಹೇಗೆ ಬಿಟ್ಟೀತು? ಹೊಟ್ಟೆಕಿಚ್ಚು ಎಂಬ ಪದ ಹುಟ್ಟಿಸಿದವರೂ ಒಲೆಯ ಮುಂದೆ ಕೂತವರೇ ಇರಬೇಕು. ಆ ಕಿಚ್ಚಿನ ಹೊಗೆ ಎಳೆಯುವ ಫ್ಯಾನ್ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಒಂದು ಭಾನುವಾರ ಶಾರದೆ ಹೇಳದೆ ಕೇಳದೆ ಬಂದಳು. ಒಲೆಯ ಮೇಲೆ ಒಣಮೀನಿನ ಸಾರು ಕುದಿಯುತ್ತಿತ್ತು. ಮಾನ ಹೋಯಿತಲ್ಲ ಎಂದು ಕಿಟಕಿ ತೆಗೆಯಲು ಓಡಿದೆ.

"ತೆಗೀಬೇಡ ಕಣಕ್ಕಾ, ಘಮ ಎಲ್ಲಾ ಹೊರಗೆ ಹೋಗ್ಬುಡುತ್ತೆ!" ಎಂದು ಬಾಗಿಲಿಗೆ ಒರಗಿ ಉಸಿರೆಳೆದುಕೊಂಡಳು. "ನಮ್ಮನೇಲಿ ಇವ್ರಿಗೆ ಮೀನಿನ ವಾಸನೇನೇ ಆಗಕಿಲ್ಲ. ಒಗ್ಗರಣೆ ಚಟಪಟ ಅಂದ್ರೂ ಫ್ಯಾನ್ ಹಾಕು ಅಂತಾರೆ. ಆ ಟೈಲ್ಸ್ ಒರೆಸಿ ಒರೆಸಿ ಸಾಕಾಗೈತೆ. ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣಕ್ಕಾ."

ಪಾಪ ಅನ್ನಿಸಿತು ಎಂದರೆ ಅರ್ಧ ಸುಳ್ಳು. ನನ್ನನ್ನು ಕಂಡೂ ಹೊಟ್ಟೆ ಉರಿದುಕೊಳ್ಳುವವರಿದ್ದಾರಲ್ಲ ಎಂದು ಹಿಗ್ಗಿಹೋದೆ.

ಎರಡು ಮುದ್ದೆ ಉಂಡ ಶಾರದೆ, ಕೈ ತೊಳೆದು ಬಂದು, ಒಲೆಯ ಪಕ್ಕದ ನೆಲದ ಮೇಲೇ ಅಡ್ಡಾದಳು. ಅಷ್ಟರಲ್ಲೇ ಗೊರಕೆ. ನಾನು ಅತ್ತೆಯನ್ನು ಕರೆದು ತೋರಿಸಿದೆ. ಬಾಗಿಲಲ್ಲಿ ನಿಂತು ನೋಡಿದ ಅವರು ಒಳಗೆ ಹೋದರು, ಸುರುಳಿ ಸುತ್ತಿದ ಚಾಪೆ ಹಿಡಿದು ಬಂದರು.

"ನೆಲ ತಣ್ಣಗೈತೆ, ಇದನ್ನ ಹಾಸವ್ವ" ಎಂದರು. ಮೂಗು ಮುಚ್ಚಿಕೊಂಡಿರಲಿಲ್ಲ.

ಹಾಸಿದೆ. ಕಿಟಕಿ ಮಾತ್ರ ತೆಗೆಯಲಿಲ್ಲ.