ಅತ್ತೆಗೆಂದು ಬೇರೆ ಬಾಣಲೆ ಇಟ್ಟಿದ್ದ ಕ್ಯಾಪ್ಟನ್

ಹೋದ ಭಾನುವಾರ ರಾಜಾಜಿನಗರದ ಒಂದು ಜಪಾನಿ ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಕಾದ ಎಳ್ಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ದೇವರ ದೀಪಕ್ಕೆ ಹಾಕುವ ಎಳ್ಳೆಣ್ಣೆಯಲ್ಲ; ಎಳ್ಳನ್ನು ಚೆನ್ನಾಗಿ ಹುರಿದು ತೆಗೆದ, ಸ್ವಲ್ಪ ಹೊಗೆ ಬೆರೆತಂತಿರುವ ಎಣ್ಣೆ. ಮಗಳ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಖುಷಿಗೆ ಅವಳೇ ಆರಿಸಿದ ಜಾಗ ಅದು. ಅವಳೂ ಅವಳ ಅಪ್ಪನೂ ಒಳಗೆ ಹೋಗಿ ಕೂತರು. ನಾನು ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ನಿಂತೆ. ಐದಾರು ವರ್ಷಗಳಿಂದ ಆ ವಾಸನೆ ಬರುವ ಕಡೆ ನಾನು ಕಾಲಿಟ್ಟಿರಲಿಲ್ಲ. ಯಾರಾದರೂ ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ...

ಆಗ ವಿಜಯನಗರದಲ್ಲಿ, ಮೆಟ್ರೊ ಕಂಬಗಳಿಗೆ ಎದುರಾಗಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಚೈನೀಸ್ ಹೋಟೆಲ್ ಇತ್ತು. ಅತ್ತಿಗುಪ್ಪೆಯ ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ನಮ್ಮ ಊಟ ಅಲ್ಲಿ. ಆರ್ಡರ್ ತೆಗೆದುಕೊಳ್ಳುತ್ತಿದ್ದವರನ್ನು ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು. ಮೂವತ್ತೈದು ದಾಟಿದ್ದ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಕಪ್ಪು ಅಂಗಿ, ಕಿವಿಯ ಹಿಂದೆ ಪೆನ್ನು. ಮಣಿಪುರದ ಬೆಟ್ಟದ ಕಡೆಯವರು. ಊಟಕ್ಕೆ ಬಂದ ಕೆಲವರು ತಮಾಷೆಗೆ, "ಏನ್ ಗುರು, ಚೈನಾದಲ್ಲಿ ಎಲ್ಲ ಚೆನ್ನಾಗಿದ್ದಾರಾ?" ಎನ್ನುತ್ತಿದ್ದರು. "ಚೈನಾ ನಾನೂ ನೋಡಿಲ್ಲ ಸಾರ್, ನೀವು ಹೋದ್ರೆ ಹೇಳಿ" ಎಂದು ಅವರೂ ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ನಗು ಇತ್ತು ಎಂದು ನಾನು ಆಗ ಯೋಚಿಸಿರಲಿಲ್ಲ.

ನನ್ನ ಅತ್ತೆಯನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದ ದಿನ ಚೆನ್ನಾಗಿ ನೆನಪಿದೆ. ಮೊಟ್ಟೆ ಮುಟ್ಟಿದ ಪಾತ್ರೆಯಲ್ಲಿ ನೀರನ್ನೂ ಕುಡಿಯದ ಹೆಂಗಸು. ಮನೆಯಲ್ಲಿ ಒಬ್ಬರೇ ಯಾಕೆ ಇರಬೇಕು ಎಂದು ಮಗ ಒತ್ತಾಯ ಮಾಡಿದ್ದಕ್ಕೆ ಬಂದಿದ್ದರು. ಬರುವಾಗ ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದರು. ನಮ್ಮೆಲ್ಲರ ತಟ್ಟೆ ಬಂದ ಮೇಲೆ ಮೆಲ್ಲಗೆ ಡಬ್ಬಿ ತೆಗೆದರು. ಹೊರಗಿನ ತಿಂಡಿ ತರಬಾರದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕ್ಯಾಪ್ಟನ್ ನಮ್ಮ ಕಡೆ ಬರುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಅವರು ಡಬ್ಬಿ ನೋಡಿ ಹಿಂತಿರುಗಿದರು. ಒಳಗೆ ಹೋಗಿ, ಒರೆಸಿದ ಸ್ಟೀಲ್ ತಟ್ಟೆಯೊಂದನ್ನು ತಂದು ಅತ್ತೆಯ ಮುಂದಿಟ್ಟರು.

"ಇದು ನನ್ನ ತಟ್ಟೆ, ಅಮ್ಮ. ಹೋಟೆಲ್ದಲ್ಲ. ಇದ್ರಲ್ಲಿ ಬರೀ ಅನ್ನ ಹಾಕ್ಕೊಳ್ಳೋದು. ಡಬ್ಬೀಲೇ ಯಾಕೆ ತಿಂತೀರಾ?"

ಅತ್ತೆ ಆ ತಟ್ಟೆಯನ್ನು ತಿರುಗಿಸಿ ನೋಡಿದರು. ಆಮೇಲೆ ಅವರ ಮುಖ ನೋಡಿದರು. ಅವಲಕ್ಕಿ ಸುರಿದುಕೊಂಡು ತಿಂದರು.

ಮುಂದಿನ ತಿಂಗಳು ನಾವು ಕೂರುವ ಮುಂಚೆಯೇ ಕ್ಯಾಪ್ಟನ್ ಬಂದು ನಿಂತರು. "ಅಮ್ಮ, ಹೊಸ ಬಾಣಲೆ. ನಿಮಗೆ ಅಂತಾನೇ ಎತ್ತಿಟ್ಟಿದ್ದೀನಿ. ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ನಂಬಿಕೆ ಇಲ್ಲಾಂದ್ರೆ ಬಂದು ನೋಡಿ." ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಜಕ್ಕೂ ಅಡುಗೆಮನೆಗೆ ಹೊರಟೇಬಿಟ್ಟರು! ಹತ್ತು ನಿಮಿಷ ಒಳಗಿದ್ದರು. ಎಳ್ಳೆಣ್ಣೆಯ ಬಾಟಲಿ ಕಂಡು, "ಇದನ್ನ ಶನಿದೇವರಿಗೆ ದೀಪ ಹಚ್ಚೋದು ಕಣಪ್ಪ, ತಿನ್ನೋಕೆ ಹಾಕ್ತೀಯಾ?" ಎಂದು ಕೇಳಿದ್ದು ಹೊರಗೆ ನಮಗೂ ಕೇಳಿಸಿತು. ಆ ದಿನ ಅತ್ತೆ ಜೀವನದಲ್ಲಿ ಮೊದಲ ಸಲ ನೂಡಲ್ಸ್ ತಿಂದರು. "ಶಾವಿಗೆ ಉಪ್ಪಿಟ್ಟೇ. ಎಳೆ ಸ್ವಲ್ಪ ಉದ್ದ, ಅಷ್ಟೆ" ಎಂದು ತೀರ್ಪು ಕೊಟ್ಟು ಇನ್ನೊಂದಿಷ್ಟು ಹಾಕಿಸಿಕೊಂಡರು.

ಆಮೇಲೆ ಆ ಭಾನುವಾರಕ್ಕೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಕೂರುತ್ತಿದ್ದವರು ಅತ್ತೆಯೇ. ಮಗಳಿಗೆ ಕಡ್ಡಿಯಲ್ಲಿ ತಿನ್ನುವುದನ್ನು ಕ್ಯಾಪ್ಟನ್ ಕಲಿಸಿದರು. ಅತ್ತೆಗೂ ಒಂದು ಜೊತೆ ಕೊಟ್ಟಾಗ, "ಇದೇನು, ಕೋಲಾಟ ಆಡೋಕಾ?" ಎಂದರು. ಅಜ್ಜಿ ಮೊಮ್ಮಗಳು ಇಬ್ಬರೂ ಎಲೆಕೋಸಿನ ಚೂರನ್ನು ಎತ್ತಲಾಗದೆ ನಗುತ್ತಿದ್ದರು. ಕ್ಯಾಪ್ಟನ್ ಪಕ್ಕದಲ್ಲಿ ನಿಂತು ಅವರ ಬೆರಳು ಸರಿಮಾಡುತ್ತಿದ್ದರು. ಊರಿನಲ್ಲಿ ಅವರಿಗೆ ತಾಯಿ ಇರಲಿಲ್ಲ ಎಂದು ಅತ್ತೆ ಒಂದು ದಿನ ಮನೆಗೆ ಬಂದ ಮೇಲೆ ಹೇಳಿದರು. ನಾನು ಹೌದಾ ಎಂದು ಕಾಫಿಗೆ ನೀರಿಟ್ಟೆ.

ಕೊರೊನಾ ಬಂದ ವರ್ಷ ಫೆಬ್ರುವರಿಯಲ್ಲಿ ನಮ್ಮ ಮಹಡಿಯ ರೂಮು ಖಾಲಿಯಾಯಿತು. ಗೇಟಿಗೆ 'ರೂಮು ಬಾಡಿಗೆಗೆ ಇದೆ' ಎಂದು ಬೋರ್ಡು ಕಟ್ಟಿದೆವು. ಊಟಕ್ಕೆ ಹೋದಾಗ ಅತ್ತೆ ಕ್ಯಾಪ್ಟನ್ನಿಗೆ, "ಯಾರಾದ್ರೂ ಒಳ್ಳೆಯವರಿದ್ರೆ ಹೇಳಪ್ಪ. ಯಾರೂ ಸಿಗಲಿಲ್ಲಾಂದ್ರೆ ನೀನೇ ಬಂದುಬಿಡು" ಎಂದು ಮನೆಯ ಗುರುತನ್ನೂ ಹೇಳಿದರು. ಎಲ್ಲರೂ ನಕ್ಕೆವು. ಅದು ನಾವೆಲ್ಲ ಒಟ್ಟಿಗೆ ಅಲ್ಲಿ ಕೂತ ಕೊನೆಯ ಊಟ.

ಮಾರ್ಚಿನಲ್ಲಿ ರೋಗದ ಸುದ್ದಿ ಜೋರಾಯಿತು. ಹೋಟೆಲುಗಳ ಬಾಗಿಲು ಹಾಕಿಸಿದರು. ನಮ್ಮ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಇಡೀ ದಿನ ಅದೇ ಮಾತು. 'ಆ ಥರ ಮುಖದವರು' ಬಾಡಿಗೆಗೆ ಇದ್ದರೆ ಕೂಡಲೇ ತಿಳಿಸಿ ಎಂದು ಒಬ್ಬರು ಬರೆದರು. ಹತ್ತು ಹದಿನೈದು ಜನ ಕೈಮುಗಿಯುವ ಚಿತ್ರ ಹಾಕಿದರು. ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಓದಿದವಳು. ನಾನು ಏನೂ ಬರೆಯಲಿಲ್ಲ. ತಪ್ಪು ಎಂದು ಕೂಡ ಬರೆಯಲಿಲ್ಲ.

ಲಾಕ್‌ಡೌನ್ ಶುರುವಾದ ಮೂರನೆಯದೋ ನಾಲ್ಕನೆಯದೋ ದಿನ. ಮಧ್ಯಾಹ್ನ. ಅತ್ತೆ ಊಟ ಮಾಡಿ ಮಲಗಿದ್ದರು. ಗೇಟಿನ ಸದ್ದಾಯಿತು. ಹೋಗಿ ನೋಡಿದರೆ ಕ್ಯಾಪ್ಟನ್. ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಒಂದು ಚೀಲ, ಮುಖಕ್ಕೆ ಕಟ್ಟಿದ ಕರ್ಚೀಫು. ಗೇಟಿನಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತರು.

"ಮೇಡಂ, ಓನರ್ ರೂಮು ಖಾಲಿ ಮಾಡಿ ಅಂದ್ರು. ಪಕ್ಕದವರೆಲ್ಲ ಹೆದರ್ತಿದ್ದಾರಂತೆ. ನನಗೆ ಜ್ವರ ಏನಿಲ್ಲ, ಬೇಕಾದ್ರೆ ಆಸ್ಪತ್ರೇಲಿ ತೋರಿಸಿಕೊಂಡು ಬರ್ತೀನಿ. ಟ್ರೇನ್ ಬಿಟ್ಟ ತಕ್ಷಣ ಊರಿಗೆ ಹೋಗ್ಬಿಡ್ತೀನಿ. ಅಲ್ಲೀತನಕ ಮೇಲಿನ ರೂಮಲ್ಲಿ..."

ಎದುರು ಮನೆಯ ಕಿಟಕಿಯ ಪರದೆ ಸರಿಯಿತು. ನಾನು ಅದನ್ನು ನೋಡಿದೆ. ಅವರೂ ನೋಡಿದರು.

"ರೂಮು ಕೊಟ್ಟಾಯ್ತಲ್ಲ" ಎಂದೆ. "ನಮ್ಮ ಸಂಬಂಧಿಕರೇ ಬರ್ತಿದ್ದಾರೆ."

ಅವರ ಕಣ್ಣು ನನ್ನ ಕೈಯ ಕಡೆ ಇಳಿಯಿತು. ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ತಲೆಯಾಡಿಸಿದರು. "ಸರಿ ಮೇಡಂ. ಅಮ್ಮ ಹುಷಾರಾಗಿದ್ದಾರಾ? ಅವರನ್ನ ಹೊರಗೆ ಬಿಡಬೇಡಿ." ಅಷ್ಟು ಹೇಳಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟರು. ಅವರು ತಿರುವು ದಾಟಿದ ಮೇಲೆ ನಾನು ನನ್ನ ಕೈ ನೋಡಿಕೊಂಡೆ. ಗೇಟಿನ ಮೇಲೆ, ಬಾಡಿಗೆಯ ಬೋರ್ಡಿನ ಪಕ್ಕದಲ್ಲೇ ಕೈಯಿಟ್ಟುಕೊಂಡು ನಿಂತಿದ್ದೆ.

ಒಳಗೆ ಬಂದಾಗ ಅತ್ತೆ ಎದ್ದು ಕೂತಿದ್ದರು. ಯಾರು ಬಂದಿದ್ದು ಎಂದು ಕೇಳಿದರು. ತರಕಾರಿಯವನು ಎಂದೆ. ಮೆಟ್ಟಿಲ ಮೇಲೆ ಕೂತಿದ್ದ ಮಗಳು, "ಅಲ್ಲ ಅಜ್ಜಿ, ಕ್ಯಾಪ್ಟನ್ ಅಂಕಲ್ ಬಂದಿದ್ರು. ರೂಮು ಕೇಳಿದ್ರು. ಅಮ್ಮ ಇಲ್ಲ ಅಂದ್ಲು" ಎಂದಳು. ಅವಳಿಗೆ ಆಗ ಹತ್ತು ವರ್ಷ.

ಅತ್ತೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಹೋದರು. ಆ ಬಿಸಿಲಿನಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ, ತಿರುವಿನ ತನಕ ನಡೆದರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ವಾಪಸ್ಸು ಬಂದು ಕಾಲು ತೊಳೆದುಕೊಂಡರು. ನಾನು ಹಿಂದೆಯೇ ನಿಂತು, "ನಿಮಗೋಸ್ಕರಾನೇ ಅತ್ತೆ. ನಿಮ್ಮ ವಯಸ್ಸಿಗೆ ಏನಾದ್ರೂ ಆದ್ರೆ..." ಎಂದೆ.

"ಅದನ್ನ ನನ್ನ ತಲೆಗೆ ಕಟ್ಟಬೇಡ" ಎಂದರು. ಅಷ್ಟೇ ಅಂದಿದ್ದು.

ಅವರು ಹೇಳಿದ್ದು ನಿಜ. ಅತ್ತೆಯ ಆರೋಗ್ಯದ ಯೋಚನೆ ನನಗೆ ಗೇಟಿನಲ್ಲಿ ಬಂದೇ ಇರಲಿಲ್ಲ. ಅದು ಒಳಗೆ ಬರುವಾಗ ಹುಡುಕಿಕೊಂಡ ಕಾರಣ. ಎದುರು ಮನೆಯ ಪರದೆಗೆ ಹೆದರಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ನಗುತ್ತಾ ತಟ್ಟೆ ತಂದಿಡುವವರಾಗಿ ಕ್ಯಾಪ್ಟನ್ ನನಗೆ ಇಷ್ಟವಾಗಿದ್ದರು. ನನ್ನ ತಲೆಯ ಮೇಲಿನ ರೂಮಿನಲ್ಲಿ ಓಡಾಡುವವರಾಗಿ ಬೇಡವಾಗಿದ್ದರು. ರೋಗ ಬರದೇ ಇದ್ದಿದ್ದರೂ ಬೇಡ ಎನ್ನುತ್ತಿದ್ದೆನೋ ಏನೋ... ಗೊತ್ತಿಲ್ಲ.

ಮುಂದಿನದ್ದೆಲ್ಲ ಪಾತ್ರೆ ಅಂಗಡಿಯವರಿಂದ ತಿಳಿಯಿತು. ಬಾಗಿಲು ಹಾಕಿದ ಹೋಟೆಲಿನ ಅಡುಗೆಮನೆಯಲ್ಲೇ ಕ್ಯಾಪ್ಟನ್ ಐದಾರು ವಾರ ಇದ್ದರಂತೆ. ಟೇಬಲ್ಲುಗಳನ್ನು ಜೋಡಿಸಿ ಮಲಗುತ್ತಿದ್ದರಂತೆ. ಆಮೇಲೆ ಕೆಂಗೇರಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಊರಿಗೆ ಹೋಗುವವರನ್ನೆಲ್ಲ ಸರ್ಕಾರದವರು ಸೇರಿಸಿ ರೈಲು ಹತ್ತಿಸಿದಾಗ ಅವರೂ ಹೋದರಂತೆ. ಆ ಇಡೀ ಸಮಯ ನಮ್ಮ ಮಹಡಿಯ ರೂಮು ಖಾಲಿಯೇ ಇತ್ತು. ದಸರಾ ಕಳೆಯುವ ತನಕ ಯಾರೂ ಬರಲಿಲ್ಲ.

ಹೋಟೆಲ್ ಮತ್ತೆ ತೆರೆದಾಗ ಬೇರೆಯವರು ಕೆಲಸಕ್ಕಿದ್ದರು. ನಮ್ಮ ಯಜಮಾನರು ಅತ್ತೆಯನ್ನು ಕರೆದರು. "ನೀವು ಹೋಗ್ಬನ್ನಿ, ನನಗೆ ಸಾರು ಅನ್ನ ಸಾಕು" ಎಂದರು ಅತ್ತೆ. ತೀರಿಕೊಳ್ಳುವ ತನಕ ಅತ್ತೆ ನಮ್ಮ ಜೊತೆ ಹೊರಗೆ ಊಟಕ್ಕೆ ಬರಲಿಲ್ಲ. ನನ್ನ ಜೊತೆ ಜಗಳವಾಡಲಿಲ್ಲ. ಕಾಫಿ ಕೊಟ್ಟರೆ ಕುಡಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ತಾವಾಗಿ ಒಂದು ಮಾತು ಶುರುಮಾಡುವುದನ್ನು ಮಾತ್ರ ನಿಲ್ಲಿಸಿಬಿಟ್ಟರು.

ಭಾನುವಾರ ಆ ಜಪಾನಿ ಹೋಟೆಲಿನಲ್ಲಿ ನಮ್ಮ ಯಜಮಾನರು ಕೈ ತೊಳೆಯಲು ಎದ್ದು ಹೋದರು. ಮಗಳು ಅನ್ನದ ಉಂಡೆಯನ್ನು ಕಡ್ಡಿಯಲ್ಲಿ ಸಲೀಸಾಗಿ ಎತ್ತುತ್ತಿದ್ದಳು. ತಡೆಯಲಾಗಲಿಲ್ಲ. "ಕ್ಯಾಪ್ಟನ್ ನೆನಪಿದ್ದಾರಾ ನಿನಗೆ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆ ಮಾತು ಬಂದಿದ್ದು ಅದೇ ಮೊದಲು.

ಅವಳು ಕಡ್ಡಿ ಕೆಳಗಿಟ್ಟಳು. "ಅಜ್ಜಿಗೆ ಫೋನ್ ಮಾಡ್ತಿದ್ರು" ಎಂದಳು.

"ಯಾರು?"

"ಕ್ಯಾಪ್ಟನ್ ಅಂಕಲ್. ಊರಿಗೆ ಹೋದ್ಮೇಲೆ. ತಿಂಗಳಿಗೊಂದು ಸಲ, ನೀನು ಕಾಲೇಜಿಗೆ ಹೋದ್ಮೇಲೆ. ನಾನೂ ಮಾತಾಡ್ತಿದ್ದೆ. ಅವರಿಗೆ ಮದುವೆ ಆಯ್ತು. ಒಂದು ಪಾಪು ಆಯ್ತು. ಅಲ್ಲೇ ಚಿಕ್ಕ ಹೋಟೆಲ್ ಇಟ್ಟಿದ್ರು."

ಈಗಲೂ ಮಾಡುತ್ತಾರಾ ಎಂದು ಕೇಳಿದೆ.

"ಇಲ್ಲ. ಅವರ ಊರ ಕಡೆ ಗಲಾಟೆ ಆಯ್ತಲ್ಲ, ಮನೆ ಎಲ್ಲ ಸುಟ್ರಲ್ಲ, ಆವಾಗಿಂದ ಹತ್ತಲೇ ಇಲ್ಲ. ಅಜ್ಜಿ ದಿನಾ ಟ್ರೈ ಮಾಡ್ತಿದ್ರು. ಆಸ್ಪತ್ರೇಲಿ ಇದ್ದಾಗ್ಲೂ ನನ್ನ ಕೈಲಿ ಮಾಡಿಸಿದ್ರು. ಸ್ವಿಚ್ ಆಫ್."

ನನಗೇಕೆ ಹೇಳಲಿಲ್ಲ ಎಂದೆ. ಅಜ್ಜಿ ಬೇಡ ಅಂದಿದ್ದರು ಎಂದಳು. ಸಿಟ್ಟಿಲ್ಲದೆ, ಗಂಟೆ ಎಷ್ಟು ಎಂದು ಹೇಳುವಂತೆ ಹೇಳಿದಳು. ಅತ್ತೆಯ ಕೊನೆಯ ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಕಾಲು ಒತ್ತಿದವಳು ನಾನು. ಅವರು ಯಾವುದೋ ಫೋನಿಗಾಗಿ ಕಾಯುತ್ತಿದ್ದದ್ದು ನನಗೆ ತಿಳಿಯಲೇ ಇಲ್ಲ.

ಕೇಳಬಾರದಿತ್ತು, ಆದರೂ ಕೇಳಿದೆ. "ಅವರು ನನ್ನ ಬಗ್ಗೆ ಏನಾದ್ರೂ ಕೇಳ್ತಿದ್ರಾ?"

ಮಗಳು ಸ್ವಲ್ಪ ಯೋಚಿಸಿದಳು. ನನಗೆ ನೋವಾಗದ ಹಾಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳೇನೋ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ.

"ಇಲ್ಲಮ್ಮ" ಎಂದಳು. "ಅಪ್ಪ ಹೇಗಿದ್ದಾರೆ ಅಂತ ಕೇಳ್ತಿದ್ರು."

ಅಷ್ಟರಲ್ಲಿ ಅವಳ ಅಪ್ಪ ಬಂದು ಕೂತರು. ಅಮ್ಮ ಮಗಳು ಏನು ಮಾತಾಡುತ್ತಿದ್ದೀರಿ ಎಂದು ಕೇಳಿದರು. ಏನಿಲ್ಲ ಎಂದು ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.